14 ಮಾರು ಕೆಳಗಿನ ನೀರು

ಚಳ್ಳಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದವಳು ನಾನು. ಶೇಂಗಾ ಬೆಳೆಯುವ ಊರು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. ಕಡಲನ್ನು ಮೊದಲ ಸಲ ನೋಡಿದಾಗ ನನಗೆ 21 ವರ್ಷ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿತ್ತು. ಅಪ್ಪ ನನ್ನನ್ನು ಬಿಡಲು ಬಂದಿದ್ದರು. ಕಾಳಿ ನದಿ ಕಡಲಿಗೆ ಸೇರುವ ಜಾಗದಲ್ಲಿ ಇಬ್ಬರೂ ನಿಂತೆವು. ಎದುರಿಗೆ ಸದಾಶಿವಗಡದ ಗುಡ್ಡ. ಅಪ್ಪ ಬಹಳ ಹೊತ್ತು ನೀರನ್ನೇ ನೋಡಿ, "ಇಷ್ಟೊಂದು ನೀರೈತಲ್ಲವ್ವಾ" ಅಂದರು. ಬೇರೇನೂ ಹೇಳಲಿಲ್ಲ. ಬರಗಾಲ ಕಂಡ ಮನುಷ್ಯ ಹಾಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

ಇದು 2004ರ ಮಾತು. ಅವತ್ತಿನಿಂದ ಇವತ್ತಿನವರೆಗೆ ನಾನು ಕಡಲಿನ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಮೊದಲ ಹತ್ತು ವರ್ಷ ಬರೀ ಸಂಶೋಧನೆ. ಆಮೇಲೆ ಸಂಶೋಧನೆಯ ಜೊತೆಗೆ ಅದನ್ನು ಕನ್ನಡದಲ್ಲಿ ಹೇಳುವ ಕೆಲಸ. ಈ ಎರಡನೆಯದಕ್ಕೆ ಹೇಗೆ ಬಂದೆ, ಏನು ತಪ್ಪು ಮಾಡಿದೆ ಅನ್ನೋದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಈ ದಾರಿಗೆ ಬರಬೇಕು ಅಂದುಕೊಂಡ ಕೆಲವು ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಅವರಿಗೆ ಇದು.

ಎಂಎಸ್ಸಿ ಆಯಿತು, ನೆಟ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು, ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಬಂತು, ಪಿಎಚ್‌ಡಿಗೆ ಸೇರಿದೆ. ಸೇರಿದ ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ವಿಷಯ ಅರಬ್ಬಿ ಸಮುದ್ರದ ಆಮ್ಲಜನಕ. ಮೇಲ್ಮೈ ನೀರಿನಲ್ಲಿ ಲೀಟರಿಗೆ 4ರಿಂದ 5 ಮಿಲಿಲೀಟರ್ ಆಮ್ಲಜನಕ ಕರಗಿರುತ್ತೆ. ಕೆಳಗೆ ಹೋದ ಹಾಗೆ ಅದು ಕಡಿಮೆಯಾಗುತ್ತೆ. ಅರಬ್ಬಿ ಸಮುದ್ರದ ನಡುಭಾಗದಲ್ಲಿ ಮತ್ತು ಉತ್ತರ ಭಾಗದಲ್ಲಿ ಸುಮಾರು 150 ಮೀಟರ್‌ನಿಂದ 1000 ಮೀಟರ್‌ವರೆಗೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಅದಕ್ಕಿಂತ ಆಳಕ್ಕೆ ಹೋದರೆ ಮತ್ತೆ ನಿಧಾನವಾಗಿ ಜಾಸ್ತಿ ಆಗುತ್ತೆ. ಜಗತ್ತಿನಲ್ಲಿ ಇಂಥ ದೊಡ್ಡ ಪದರ ಇರುವ ಕಡಲುಗಳು ಕೆಲವೇ. ನಮ್ಮದು ಅದರಲ್ಲೊಂದು. ಇದು ಮೂಲದಲ್ಲಿ ಮನುಷ್ಯರು ಮಾಡಿದ್ದಲ್ಲ. ಈ ಕಡಲಿಗೆ ಉತ್ತರದಲ್ಲಿ ನೆಲ ಅಡ್ಡ ಇದೆ, ಆಳದ ನೀರು ಬೇಗ ಬದಲಾಗುವುದಿಲ್ಲ. ಮೇಲೆ ಬೆಳೆಯುವ ಸಣ್ಣ ಸಣ್ಣ ಪಾಚಿಗಳು ಸತ್ತು ಕೆಳಗೆ ಬೀಳುತ್ತವೆ. ಅವು ಕೊಳೆಯುವಾಗ ಅಲ್ಲಿನ ಆಮ್ಲಜನಕ ಖರ್ಚಾಗುತ್ತೆ.

ಹಡಗು ಹತ್ತಲು ನಾನು ಎರಡು ವರ್ಷ ಕಾದೆ. ಹಡಗುಗಳು ಇದ್ದವು, ಪ್ರಯಾಣಗಳೂ ನಡೆಯುತ್ತಿದ್ದವು. "ಈ ಸಲ ಹೆಣ್ಣುಮಕ್ಕಳಿಗೆ ಬರ್ತ್ ಇಲ್ಲ" ಅನ್ನೋ ಉತ್ತರ ಮೂರು ಸಲ ಬಂತು. ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರಬೇಕು, ಪಟ್ಟಿಯಲ್ಲಿ ನಾನೊಬ್ಬಳೇ ಹುಡುಗಿ, ಒಬ್ಬಳಿಗಾಗಿ ಒಂದು ಕ್ಯಾಬಿನ್ ಕೊಟ್ಟರೆ ಒಂದು ಜಾಗ ದಂಡ ಅಂತ ಲೆಕ್ಕ. ನನ್ನ ಜೊತೆ ಸೇರಿದ ಹುಡುಗರು ಆ ಹೊತ್ತಿಗೆ ಎರಡೆರಡು ಸಲ ಹೋಗಿ ಬಂದು ಲೇಖನ ಬರೆಯುತ್ತಿದ್ದರು. ನಾನು ಅವರು ತಂದ ನೀರನ್ನು ಅಳೆಯುತ್ತಿದ್ದೆ. ಆಗ ನಮ್ಮ ಲ್ಯಾಬಿನ ಹಿರಿಯರೊಬ್ಬರು ಅದಿತಿ ಪಂತ್ ಅವರ ವಿಷಯ ಹೇಳಿದರು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿದ್ದ ಸಾಗರ ವಿಜ್ಞಾನಿ. 1983–84ರಲ್ಲಿ ಭಾರತದ ಮೂರನೇ ಅಂಟಾರ್ಕ್ಟಿಕಾ ಯಾತ್ರೆಗೆ ಹೋದವರು. ಅವರ ಜೊತೆ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ಭಾರತದ ಅಂಟಾರ್ಕ್ಟಿಕಾ ಯಾತ್ರೆಗಳಲ್ಲಿ ಹೋದ ಮೊದಲ ಮಹಿಳೆಯರು ಇವರಿಬ್ಬರೇ. ಅಂದರೆ ನಾನು ಹುಟ್ಟಿದ ಹೊತ್ತಿಗೇ ಒಬ್ಬ ಹೆಂಗಸು ಇಲ್ಲಿಂದ ಅಂಟಾರ್ಕ್ಟಿಕಾಕ್ಕೆ ಹಡಗಿನಲ್ಲಿ ಹೋಗಿ ಬಂದಾಗಿತ್ತು. 25 ವರ್ಷ ಆದಮೇಲೆ ನನಗೆ ಗೋವಾದಿಂದ ಮಂಗಳೂರಿನವರೆಗೆ ಹೋಗಲು ಬರ್ತ್ ಇಲ್ಲ! ಆ ಸಿಟ್ಟಿನಲ್ಲೇ ಪಕ್ಕದ ವಿಭಾಗದ ಒಬ್ಬ ಹುಡುಗಿಯನ್ನು ಒಪ್ಪಿಸಿ, ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಕೊಟ್ಟೆ. ಇಬ್ಬರಾದ ಮೇಲೆ ಕ್ಯಾಬಿನ್ ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ ನಾವು ಹಾಗೇ ಜೋಡಿ ಮಾಡಿಕೊಂಡೇ ಹೋದೆವು. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ಹುಡುಗಿಯರಿಗೆ ನಾನು ಹೇಳೋದು ಒಂದೇ: ಸುಮ್ನೆ ಕಾಯಬೇಡಿ, ಜೊತೆಗೊಬ್ಬಳನ್ನು ಹುಡುಕಿಕೊಂಡು ಹೋಗಿ ಕೇಳಿ.

ಮೊದಲ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ವಾಂತಿ. ಮಾತ್ರೆ ತಗೊಂಡರೆ ನಿದ್ದೆ. ಮೂರನೇ ದಿನ ರಾತ್ರಿ 2 ಗಂಟೆಗೆ ನನ್ನ ಪಾಳಿ. ಆವತ್ತು ನೋಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲದಕ್ಕೂ ಅದೇ ಬೇರು.

ಒಂದು ದೊಡ್ಡ ಕಬ್ಬಿಣದ ಚೌಕಟ್ಟಿಗೆ ಸುತ್ತಲೂ ನೀರು ಹಿಡಿಯುವ ಉದ್ದನೆಯ ಬಾಟಲಿಗಳನ್ನು ಕಟ್ಟಿರುತ್ತಾರೆ. ನಿಸ್ಕಿನ್ ಬಾಟಲಿ ಅಂತ ಹೆಸರು. ನಡುವೆ ಶಾಖ, ಉಪ್ಪು, ಒತ್ತಡ ಅಳೆಯುವ ಯಂತ್ರ. ವಿಂಚ್‌ನಿಂದ ಅದನ್ನು 1000 ಮೀಟರ್ ಇಳಿಸಿ, ಮೇಲೆ ತರುವಾಗ ಬೇಕಾದ ಆಳದಲ್ಲಿ ಒಂದೊಂದೇ ಬಾಟಲಿಯ ಬಾಯಿ ಮುಚ್ಚಿಸುತ್ತಾರೆ. ಡೆಕ್‌ಗೆ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಆಮ್ಲಜನಕದವರು ನೀರು ಹಿಡಿಯಬೇಕು. ತಡ ಆದರೆ ಹೊರಗಿನ ಗಾಳಿ ಸೇರಿಬಿಡುತ್ತೆ. ಸಣ್ಣ ಗಾಜಿನ ಬಾಟಲಿಗೆ ರಬ್ಬರ್ ಕೊಳವೆ ಇಟ್ಟು, ಒಂದು ಗುಳ್ಳೆಯೂ ಇಲ್ಲದ ಹಾಗೆ, ತುಂಬಿ ಹೊರಗೆ ಚೆಲ್ಲುವವರೆಗೆ ಬಿಡಬೇಕು. ಆಮೇಲೆ ಎರಡು ರಾಸಾಯನಿಕ ಒಂದೊಂದು ಮಿಲಿಲೀಟರ್ ಹಾಕಿ ಮುಚ್ಚಳ ಒತ್ತಿ ಚೆನ್ನಾಗಿ ಅಲ್ಲಾಡಿಸಬೇಕು. ವಿಂಕ್ಲರ್ ಅನ್ನೋ ಹಂಗೇರಿಯ ರಸಾಯನ ಶಾಸ್ತ್ರಜ್ಞ 1888ರಲ್ಲಿ ಕಂಡುಹಿಡಿದ ವಿಧಾನ. ಈಗಲೂ ಯಂತ್ರಗಳು ಕೊಡುವ ಲೆಕ್ಕ ಸರಿ ಇದೆಯಾ ಅಂತ ನೋಡೋದು ಇದರಿಂದಲೇ.

ಮೇಲ್ಮೈ ನೀರಿನ ಬಾಟಲಿಯಲ್ಲಿ ಕಂದು ಬಣ್ಣದ ಮೋಡ ಕಟ್ಟಿತು. ಹುಣಸೆ ರಸ ಕಿವುಚಿದ ಹಾಗೆ ದಟ್ಟ ಕಂದು. ನಿಧಾನಕ್ಕೆ ತಳಕ್ಕೆ ಇಳಿಯಿತು. 50 ಮೀಟರ್‌ನದೂ ಕಂದು. 100 ಮೀಟರ್‌ನದು ತೆಳು. 300 ಮೀಟರ್‌ನ ಬಾಟಲಿ ಅಲ್ಲಾಡಿಸಿದೆ. ಬಿಳಿ. ಗಂಜಿ ತಿಳಿಯ ಹಾಗೆ ಬಿಳಿ. ನಾನು ರಾಸಾಯನಿಕ ಹಾಕೋದು ಮರೆತೆನಾ ಅಂತ ಇನ್ನೊಂದು ಬಾಟಲಿ ತುಂಬಿದೆ. ಅದೂ ಬಿಳಿ. ಆಮ್ಲಜನಕ ಇದ್ದರೆ ಕಂದು, ಇಲ್ಲದಿದ್ದರೆ ಬಿಳಿ. ಪುಸ್ತಕದಲ್ಲಿ ಓದಿದ್ದೆ, ನಕ್ಷೆಯಲ್ಲಿ ನೋಡಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಕೈಯಲ್ಲಿ ಹಿಡಿದುಕೊಂಡ ನೀರಿನಲ್ಲಿ ಉಸಿರೇ ಇಲ್ಲ ಅನ್ನೋದು ಕಣ್ಣಿಗೆ ಕಂಡಿದ್ದು ಆಗಲೇ.

ದಡಕ್ಕೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಅದೇನ್ ಕೆಲ್ಸನವ್ವಾ ನಿಂದು, ನೀರು ಅಳ್ಯೋದಾ?" ಅಂದರು. ಹೇಳಲು ಹೊರಟೆ. ಪಿಎಚ್‌ಡಿ ವಿಷಯವನ್ನು ಸೆಮಿನಾರುಗಳಲ್ಲಿ ಎಷ್ಟು ಸಲ ಹೇಳಿದ್ದೇನೋ, ಎಲ್ಲ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಎರಡು ವಾಕ್ಯ ಆಗುವಷ್ಟರಲ್ಲಿ ನಿಂತುಬಿಟ್ಟೆ. 200 ಮೀಟರ್ ಆಳ ಅಂದೆ. "ಅದು ಎಷ್ಟಾಯ್ತು?" ಅಂದರು. ತಲೆಗೆ ಹೊಳೆದು, "650 ಅಡಿ ಬೋರು ಕೊರೆಸಿದಷ್ಟು ಆಳ ಅಪ್ಪಾ" ಅಂದೆ. "ಓ" ಅಂದರು. ಆ "ಓ" ಅಂದ ರೀತಿಯಲ್ಲೇ ಗೊತ್ತಾಯಿತು, ಅವರಿಗೆ ಆಳ ಅರ್ಥ ಆಗಿದೆ ಅಂತ. ನಮ್ಮ ಹೊಲದಲ್ಲಿ ಮೂರು ಬೋರು ಕೊರೆಸಿ ಎರಡು ಫೇಲ್ ಆಗಿದ್ದವು. 650 ಅಡಿ ಅಂದರೆ ಎಷ್ಟು, ಒಂದೊಂದು ಅಡಿಗೆ ಎಷ್ಟು ದುಡ್ಡು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಂದಿನ ಪ್ರಶ್ನೆ ಅವರೇ ಕೇಳಿದರು: "ಅಷ್ಟು ಕೆಳಗೆ ನೀರಿದ್ದೂ ಉಸ್ರು ಇಲ್ಲ ಅಂದ್ರೆ ಮೀನು ಎಂಗ್ ಬದುಕ್ತಾವೆ?"

ಆದರೆ ಆ ದಿನವೇ ನಾನು ಕನ್ನಡದಲ್ಲಿ ಬರೆಯಲು ಶುರು ಮಾಡಲಿಲ್ಲ. ಥೀಸಿಸ್ ಇತ್ತು, ಆಮೇಲೆ ಮದುವೆ, ಎರಡು ವರ್ಷ ಹೊರಗಡೆ ಪೋಸ್ಟ್‌ಡಾಕ್, ಮಗಳು ಹುಟ್ಟಿದ್ದು, ವಾಪಸ್ ಬಂದು ಪ್ರಾಜೆಕ್ಟಿನ ಕೆಲಸ. ಆರು ವರ್ಷ ಹೀಗೇ ಹೋಯಿತು.

2014ರಲ್ಲಿ ಉತ್ತರ ಕನ್ನಡದ ಒಂದು ಮೀನುಗಾರರ ಸಂಘದವರು ಕರೆದರು. ಅವರಿಗೆ ಬೇಕಿದ್ದದ್ದು ಒಂದು ಉತ್ತರ. ಮಳೆಗಾಲ ಮುಗಿದ ಮೇಲೆ ಕೆಲವು ದಿನ ದಡದ ಹತ್ತಿರ ರಾಶಿ ಮೀನು, ಆಮೇಲೆ ಇದ್ದಕ್ಕಿದ್ದಂತೆ ಬಲೆ ಖಾಲಿ. ಯಾಕೆ? ನಾನು ಬಹಳ ಉತ್ಸಾಹದಿಂದ 40 ಸ್ಲೈಡ್ ಮಾಡಿಕೊಂಡು ಹೋದೆ. ಎಲ್ಲ ಗ್ರಾಫು. ಸಂಸ್ಕೃತ ತುಂಬಿದ ಕನ್ನಡದ ತಲೆಬರಹಗಳು. ಸಂಘದ ಹಾಲ್‌ನಲ್ಲಿ ಸುಮಾರು 60 ಜನ, ಅರ್ಧದಷ್ಟು ಹೆಂಗಸರು. ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹೆಂಗಸು, ದಿನಾ ಮೀನು ಮಾರುವವರು, "ತಂಗೀ, ಆ ಗೆರೆ ಎಲ್ಲ ನಂಗೆ ಗೊತ್ತಾಗ್ಲಿಲ್ಲ. ನೀರಲ್ಲಿ ಗಾಳಿ ಕರಗ್ತದೆ ಅಂದ್ಯಲ್ಲ. ಸಕ್ಕರೆ ಕರಗಿದ ಹಂಗೆಯಾ?" ಅಂತ ಕೇಳಿದರು.

ಆ ಪ್ರಶ್ನೆಗೆ ನಾನು ಅಲ್ಲೇ ನಿಂತು ಯೋಚಿಸಬೇಕಾಯಿತು. ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತೆ. ಗಾಳಿ ತಣ್ಣೀರಿನಲ್ಲಿ ಜಾಸ್ತಿ ಕರಗುತ್ತೆ. ಪೂರ್ತಿ ಉಲ್ಟಾ. "ಸಕ್ಕರೆ ಹಾಗಲ್ಲ ಅಕ್ಕಾ, ಸೋಡಾ ಹಾಗೆ" ಅಂದೆ. "ತಣ್ಣಗಿನ ಸೋಡಾದಲ್ಲಿ ಗ್ಯಾಸ್ ಇರುತ್ತೆ. ಬಿಸಿಲಲ್ಲಿ ತೆಗೆದಿಟ್ಟರೆ ಎಲ್ಲ ಹೋಗುತ್ತೆ." ಅವರು ತಿರುಗಿ ಹಿಂದಿನವರಿಗೆ ಅದನ್ನೇ ಹೇಳಿದರು. ಹಾಲ್‌ನಲ್ಲಿ ಮಾತು ಶುರುವಾಯಿತು. ಕಡಲು ಬಿಸಿಯಾದರೆ ಗಾಳಿ ಕಡಿಮೆ ಆಗ್ತದಾ ಅಂತ ಒಬ್ಬ ಹುಡುಗ ಕೇಳಿದ. ನನ್ನ 31ನೇ ಸ್ಲೈಡ್‌ನಲ್ಲಿ ಇದ್ದದ್ದು ಅದೇ ವಿಷಯ! ಆಗ ಯಾರಿಗೂ ತಲುಪಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಒಬ್ಬ ತಾಂಡೇಲರು ಪಕ್ಕಕ್ಕೆ ಬಂದು ಕೂತರು. ಬೋಟು ನಡೆಸುವವರು, 30 ವರ್ಷದ ಅನುಭವ. "ಮೇಡಮ್, ನೀವು ಹೇಳಿದ್ದು ದೂರದ ಕಡಲಿಂದು. ನಾವು ಹೋಗೂದು 10 ಮಾರು, 15 ಮಾರು ನೀರಲ್ಲಿ. ಅಲ್ಲಿ ಎಂತ ಆಗ್ತದೆ ನಿಮಗೆ ಗೊತ್ತುಂಟಾ?" ಅಂದರು. ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಸುಮಾರು 6 ಅಡಿ. ಕರಾವಳಿಯಲ್ಲಿ ಹಗ್ಗವನ್ನೂ ಆಳವನ್ನೂ ಅಳೆಯೋದು ಮಾರಿನಲ್ಲೇ.

ಗೊತ್ತಿರಲಿಲ್ಲ. ಅದೇ ಸತ್ಯ. ಇತರರು ಅಳೆದಿದ್ದನ್ನು ಓದಿದ್ದೆ ಅಷ್ಟೆ. ಗೋವಾದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಒಂದು ದೊಡ್ಡ ಲೇಖನ ಇದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಗುಂಟ ಆಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ದಡದ ಕಡೆಗೆ ಹತ್ತಿ ಬರುತ್ತೆ. ಅದರ ಮೇಲೆ ಮಳೆಯ ಮತ್ತು ಹೊಳೆಗಳ ಸಿಹಿ ನೀರು ಹಗುರವಾಗಿ ತೇಲುತ್ತೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಆ ಮುಚ್ಚಳದಿಂದಾಗಿ ಮೇಲಿನ ಗಾಳಿ ಕೆಳಗೆ ಇಳಿಯುವುದಿಲ್ಲ. ಕೆಳಗೆ ಕೊಳೆಯುವುದು ನಡೆದೇ ಇರುತ್ತೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆ ವಾಸನೆಯ ಅನಿಲ ಹುಟ್ಟುವುದೂ ಉಂಟು. ಹೊಲಗಳಿಂದ ಹರಿದು ಬರುವ ಗೊಬ್ಬರ ಇದನ್ನು ಇನ್ನೂ ಜೋರು ಮಾಡಿರಬಹುದು ಅಂತ ಅವರು ಬರೆದಿದ್ದರು. ಇಷ್ಟು ಗೊತ್ತಿತ್ತು. ಆದರೆ ಆ ತಾಂಡೇಲರ ಊರಿನ ಎದುರು, ಅವರು ಬಲೆ ಹಾಕುವ ಜಾಗದಲ್ಲಿ, ನನ್ನ ಹತ್ತಿರ ಒಂದು ಅಂಕಿಯೂ ಇರಲಿಲ್ಲ. ದೊಡ್ಡ ಸಂಶೋಧನಾ ಹಡಗು ಅಷ್ಟು ಕಡಿಮೆ ಆಳಕ್ಕೆ ಬರೋದು ಅಪರೂಪ. ಅಂದರೆ ಮೀನುಗಾರರು ದಿನಾ ಓಡಾಡುವ ಕಡಲು ನನ್ನ ನಕ್ಷೆಯಲ್ಲಿ ಖಾಲಿ ಬಿಳಿ ಪಟ್ಟಿ. ಎಂಟು ವರ್ಷ ಆ ನಕ್ಷೆ ನೋಡಿದ್ದೆ. ಯಾವ ವಿಮರ್ಶಕರೂ ಆ ಪಟ್ಟಿಯ ಬಗ್ಗೆ ಕೇಳಿರಲಿಲ್ಲ.

ಮರುವರ್ಷ, 2015ರ ಸೆಪ್ಟೆಂಬರ್ ಕೊನೆಗೆ, ಆ ತಾಂಡೇಲರ ಬೋಟಿನಲ್ಲೇ ಹೋದೆ. ಬೆಳಗಿನ ಜಾವ 4 ಗಂಟೆ. ನನ್ನ ಹತ್ತಿರ ಕೈಯಿಂದ ಇಳಿಸುವ ಒಂದು ನಿಸ್ಕಿನ್ ಬಾಟಲಿ, ಹಗ್ಗ, ಒಂದು ಥರ್ಮಾಮೀಟರ್, ಮರದ ಪೆಟ್ಟಿಗೆಯಲ್ಲಿ ಗಾಜಿನ ಬಾಟಲಿಗಳು, ರಾಸಾಯನಿಕ, ಕೈಗವಸು. ಹಗ್ಗಕ್ಕೆ ಮೀಟರ್ ಗುರುತು ಹಾಕಿದ್ದೆ. ತಾಂಡೇಲರು ಅದನ್ನು ನೋಡಿ, ತಮ್ಮ ಕೈಯಿಂದ ಮಾರು ಹಾಕಿ ಎಣಿಸಿದರು. ಬೋಟಿನವರು ಹೇಳಿದ ಜಾಗದಲ್ಲಿ 14 ಮಾರು. ನನ್ನ ಗುರುತಿನಲ್ಲಿ 25 ಮೀಟರ್‌ಗೆ ಸ್ವಲ್ಪ ಹೆಚ್ಚು. ಎರಡೂ ತಾಳೆಯಾಯಿತು.

ಮೇಲಿನ ನೀರು ಹಿಡಿದು ರಾಸಾಯನಿಕ ಹಾಕಿ ಅಲ್ಲಾಡಿಸಿದೆ. ಕಂದು. ಆಮೇಲೆ ಬಾಟಲಿಯನ್ನು ತಳಕ್ಕೆ ಇಳಿಸಿ, ಹಗ್ಗದ ಮೇಲಿಂದ ಹಿತ್ತಾಳೆ ತೂಕ ಬಿಟ್ಟೆ. ಅದು ಹೋಗಿ ಬಡಿದು ಬಾಟಲಿ ಮುಚ್ಚಿದ್ದು ಹಗ್ಗ ಹಿಡಿದ ಬೆರಳಿಗೆ ಗೊತ್ತಾಗುತ್ತೆ. ಎಳೆದುಕೊಂಡೆವು. ಬಾಟಲಿ ಮುಟ್ಟಿದರೆ ತಣ್ಣಗಿತ್ತು. ಬಲೆ ರಿಪೇರಿ ಮಾಡುತ್ತಿದ್ದ ಹುಡುಗರೂ ಎದ್ದು ಬಂದು ಸುತ್ತ ನಿಂತರು. ಬೋಟು ತೂಗುತ್ತಿತ್ತು, ಒಬ್ಬ ನನ್ನ ಪೆಟ್ಟಿಗೆ ಹಿಡಿದುಕೊಂಡ, ಇನ್ನೊಬ್ಬ ಟಾರ್ಚ್ ಹಿಡಿದ. ಕೊಳವೆ ಇಟ್ಟು, ಗುಳ್ಳೆ ಇಲ್ಲದ ಹಾಗೆ ತುಂಬಿ, ರಾಸಾಯನಿಕ ಹಾಕಿ, ಮುಚ್ಚಿ, ಅಲ್ಲಾಡಿಸಿದೆ.

ಬಿಳಿ.

ಹಡಗಿನಲ್ಲಿ 300 ಮೀಟರ್ ಆಳದಲ್ಲಿ ಕಂಡ ಅದೇ ಗಂಜಿ ತಿಳಿ, ಇಲ್ಲಿ 14 ಮಾರಿನಲ್ಲಿ. ದಡದ ದೀಪಗಳು ಕಾಣಿಸುತ್ತಿದ್ದವು. ತಾಂಡೇಲರು ಎರಡೂ ಬಾಟಲಿಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಟಾರ್ಚಿನ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ತಳದ ನೀರು ಎದ್ದದೆ ಅಂತ ನಾವು ಹೇಳೂದು ಇದಕ್ಕೇಯ" ಅಂದರು. "ಆ ನೀರು ಎದ್ದರೆ ಬಲೆ ತಣ್ಣಗೆ ಬರ್ತದೆ. ಶೆಟ್ಲಿ ಇರೂದಿಲ್ಲ. ಮೀನು ಎಲ್ಲ ಮೇಲೆ ಬಂದು ದಡಕ್ಕೆ ಒತ್ತಿಕೊಳ್ತದೆ." ಶೆಟ್ಲಿ ಅಂದರೆ ಸಿಗಡಿ.

ನಾನು ಆ ನೀರಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ವರ್ಷಗಟ್ಟಲೆ ತಡಕಾಡಿದ್ದೆ. ಒಂದು ಕಡೆ "ಊರ್ಧ್ವಮುಖ ಪ್ರವಾಹ" ಅಂತ ಬರೆದಿದ್ದೆ. ಓದಿದವರು ಯಾರೂ ಅದನ್ನು ಎರಡನೇ ಸಲ ಬಾಯಲ್ಲಿ ಹೇಳಿಲ್ಲ. ತಳದ ನೀರು ಏಳುವುದು. ಅಷ್ಟೇ ಸಾಕಿತ್ತು. ಅವತ್ತಿನಿಂದ ನಾನು ಬರೆಯೋದು ಹಾಗೇ.

ಮೀನು ಯಾಕೆ ಮೊದಲು ರಾಶಿ, ಆಮೇಲೆ ಖಾಲಿ ಅನ್ನೋದಕ್ಕೂ ಇದರಲ್ಲೇ ಒಂದು ಭಾಗ ಉತ್ತರ ಇತ್ತು. ಕೆಳಗೆ ಉಸಿರಾಡಲು ಆಗದೆ ಮೀನು ಮೇಲಿನ ತೆಳು ಪದರಕ್ಕೆ, ದಡದ ಕಡೆಗೆ ಒತ್ತುತ್ತೆ. ಒಂದೇ ಕಡೆ ಗುಂಪಾದ್ದರಿಂದ ಬೇಗ ಸಿಗುತ್ತೆ, ಬೇಗ ಮುಗಿಯುತ್ತೆ. ನವೆಂಬರ್ ಹೊತ್ತಿಗೆ ಕರಾವಳಿಯ ಹರಿವು ದಿಕ್ಕು ಬದಲಿಸಿ ಉತ್ತರಕ್ಕೆ ತಿರುಗುತ್ತೆ, ತಳದಲ್ಲಿ ಮತ್ತೆ ಒಳ್ಳೆಯ ನೀರು ಬರುತ್ತೆ. ಎಲ್ಲ ಮೀನಿನ ಕಥೆಯೂ ಇದೇ ಅಂತ ನಾನು ಹೇಳೋದಿಲ್ಲ. ತಾರ್ಲೆ, ಬಂಗಡೆ ಏರುಪೇರಾಗಲು ಬೇರೆ ಕಾರಣಗಳೂ ಇವೆ. ಅತಿಯಾಗಿ ಹಿಡಿಯೋದೂ ಅದರಲ್ಲೊಂದು. ಅದನ್ನೂ ಬೋಟಿನಲ್ಲೇ ಹೇಳಿದೆ. ಅವರಿಗೆ ಇಷ್ಟ ಆಗಲಿಲ್ಲ, ಆದರೆ ಕೇಳಿಸಿಕೊಂಡರು.

ಈಗ ನಾನು ಮಾಡಿದ ತಪ್ಪು.

ಬೋಟಿನ ಕೆಲಸದ ಮೊದಲ ಫಲಿತಾಂಶ ಬಂದ ಮೇಲೆ ಒಂದು ಪತ್ರಿಕೆಯಿಂದ ಫೋನ್ ಬಂತು. ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿಯೇ ವಿವರಿಸಿದೆ ಅಂದುಕೊಂಡೆ. ಮಧ್ಯೆ ಒಂದು ಸಲ, ಅಭ್ಯಾಸದ ಮೇಲೆ, "ಇಂಥದ್ದಕ್ಕೆ ಡೆಡ್ ಝೋನ್ ಅಂತಾರೆ" ಅಂದುಬಿಟ್ಟೆ. ಮರುದಿನ ತಲೆಬರಹದಲ್ಲಿ ನಮ್ಮ ಕಡಲು ಸತ್ತಿತ್ತು. ಒಳಗೆ ಕೊಳೆತ ಮೊಟ್ಟೆಯ ಅನಿಲದ ಮಾತು ಹೋಗಿ "ವಿಷದ ನೀರು" ಆಗಿತ್ತು. ಮಧ್ಯಾಹ್ನದೊಳಗೆ ಅದು ವಾಟ್ಸಾಪ್‌ನಲ್ಲಿ "ಮೀನು ತಿನ್ನಬೇಡಿ" ಅಂತ ಓಡಾಡುತ್ತಿತ್ತು. ಸಂಜೆ ಸಂಘದಿಂದ ಫೋನ್.

ಮರುದಿನ ಬೆಳಿಗ್ಗೆ 6 ಗಂಟೆಗೆ ಮೀನು ಪೇಟೆಗೆ ಹೋದೆ. ಸೋಡಾದ ಮಾತಿನ ಆ ಅಕ್ಕ ಅವರ ಜಾಗದಲ್ಲೇ ಕೂತಿದ್ದರು. ಮುಂದೆ ಬುಟ್ಟಿ ತುಂಬ ಬಂಗಡೆ, ಒಳ್ಳೇ ತಾಜಾ, ಕಣ್ಣು ಹೊಳೆಯುತ್ತಿತ್ತು. ಗಿರಾಕಿ ಇಲ್ಲ. ಬಂದವರು ದೂರದಿಂದಲೇ ನೋಡಿ ಹೋಗುತ್ತಿದ್ದರು. ಅವರು ನನ್ನ ಮೇಲೆ ರೇಗಲಿಲ್ಲ. "ನೀನು ಹಂಗೆ ಹೇಳಿದ್ಯಾ ತಂಗೀ?" ಅಂತ ಮಾತ್ರ ಕೇಳಿದರು. ಹೇಳಿಲ್ಲ ಅನ್ನಲು ಬಾಯಿ ಬಂತು. ಆದರೆ ಆ ಇಂಗ್ಲಿಷ್ ಮಾತು ಆಡಿದ್ದು ನಾನೇ ಅಲ್ವಾ? ಬರೆದವರ ತಪ್ಪು ಎಷ್ಟಿದ್ದರೂ ಮೊದಲ ತಪ್ಪು ನನ್ನದು. "ಒಂದು ಮಾತು ಹೇಳಬಾರದಿತ್ತು ಅಕ್ಕಾ, ಹೇಳಿದೆ" ಅಂದೆ. ಅವರ ಪಕ್ಕದಲ್ಲೇ ಕೂತೆ. ಬಂದವರಿಗೆಲ್ಲ ನಾನೇ ಹೇಳಿದೆ: ಆ ನೀರಿನಲ್ಲಿ ಮೀನು ಇರೋದೇ ಇಲ್ಲ, ಓಡಿ ಬಂದ ಮೀನು ಇದು, ಇದಕ್ಕೆ ವಿಷ ಇಲ್ಲ, ನಾನೂ ಮನೆಗೆ ಒಯ್ಯುತ್ತೇನೆ. ಮೂರು ದಿನ ಹಾಗೆ ಕೂತೆ. ನಾಲ್ಕನೇ ದಿನ ಆಕಾಶವಾಣಿಯಲ್ಲಿ ಹತ್ತು ನಿಮಿಷ ಮಾತಾಡಲು ಅವಕಾಶ ಸಿಕ್ಕಿತು. ಪತ್ರಿಕೆಯವರು ಮೂಲೆಯಲ್ಲಿ ಸಣ್ಣ ಸ್ಪಷ್ಟನೆ ಹಾಕಿದರು. ವ್ಯಾಪಾರ ಸರಿಹೋಗಲು ಒಂದು ವಾರದ ಮೇಲಾಯಿತು. ಆ ವಾರದ ನಷ್ಟವನ್ನು ನಾನು ತುಂಬಿಕೊಡಲು ಆಗಲಿಲ್ಲ.

ಡೆಡ್ ಝೋನ್ ಅನ್ನೋ ಮಾತನ್ನು ಆಮೇಲೆ ಎಲ್ಲೂ ಆಡಿಲ್ಲ, ಇಂಗ್ಲಿಷ್ ಭಾಷಣದಲ್ಲೂ. ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಕನ್ನಡದಲ್ಲಿ ಏನೇ ಬರೆದರೂ ಅಚ್ಚಿಗೆ ಕೊಡುವ ಮೊದಲು ಆ ಅಕ್ಕನ ಮನೆಗೆ ಹೋಗಿ ಓದಿ ಹೇಳುತ್ತೇನೆ. ಸಂಜೆ ಹೊತ್ತು, ಅವರು ಬುಟ್ಟಿ ತೊಳೆದಿಟ್ಟು ಜಗಲಿಯಲ್ಲಿ ಕೂತಿರುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ಕಿವಿ ಮಾತ್ರ ಬಹಳ ಚುರುಕು. ಅರ್ಥ ಆಗದ ಕಡೆ ಕೈ ಎತ್ತುತ್ತಾರೆ. ಭಯ ಹುಟ್ಟಿಸುವ ಕಡೆಯೂ ಕೈ ಎತ್ತುತ್ತಾರೆ. "ಇದನ್ನ ಕೇಳಿದ್ರೆ ಗಿರಾಕಿ ಬರ್ತಾನಾ?" ಅಂತ ಕೇಳುತ್ತಾರೆ. ಅವರಿಗೆ ಇಷ್ಟವಾಗಲಿ ಅಂತ ಸತ್ಯವನ್ನು ನಾನು ಬಿಟ್ಟಿದ್ದಿಲ್ಲ. ಅದನ್ನು ಅವರೂ ಕೇಳಿಲ್ಲ. ಆದರೆ ಯಾವ ಪದದಿಂದ ಯಾರ ಬುಟ್ಟಿ ಖಾಲಿಯಾಗದೆ ಉಳಿಯುತ್ತೆ ಅನ್ನೋದು ಈಗ ಬರೆಯುವಾಗಲೇ ಕಣ್ಣ ಮುಂದೆ ಇರುತ್ತೆ.

ಕೆಲಸದ ಕಡೆ ಇದಕ್ಕೆಲ್ಲ ಏನು ಬೆಲೆ ಅಂದರೆ, ಬಹಳ ಕಾಲ ಏನೂ ಇರಲಿಲ್ಲ. ಒಂದು ಬಡ್ತಿ ಸಂದರ್ಶನದಲ್ಲಿ ನನ್ನ ಕನ್ನಡ ಲೇಖನಗಳ ಪಟ್ಟಿಯನ್ನು ಒಬ್ಬರು ತಿರುಗಿಸಿ ನೋಡಿ, "ಇದನ್ನು ನಿವೃತ್ತಿ ಆದಮೇಲೆ ಮಾಡಬಹುದಲ್ಲ, ಈಗ ಪೇಪರ್ ಬರೀರಿ" ಅಂದರು. ಆ ಸಲ ಬಡ್ತಿ ಸಿಗಲಿಲ್ಲ. ಅವರ ಮಾತು ತಪ್ಪು ಅಂತ ನಾನು ಅಲ್ಲೇ ಹೇಳಿದೆ, ಈಗಲೂ ಹೇಳುತ್ತೇನೆ. ದಡದ ಹತ್ತಿರದ ನೀರಿನ ಮೇಲೆ ನಾನು ಆಮೇಲೆ ಬರೆದ ಪೇಪರ್‌ಗಳೆಲ್ಲ ಹುಟ್ಟಿದ್ದು ಆ ಸಂಘದ ಹಾಲ್‌ನಲ್ಲಿ, ಊಟದ ಎಲೆಯ ಮುಂದೆ, ಒಬ್ಬ ತಾಂಡೇಲರು ಕೇಳಿದ ಪ್ರಶ್ನೆಯಿಂದ. ನಾನು ಹೇಳಲು ಹೋಗದೇ ಇದ್ದಿದ್ದರೆ ಅವರು ಕೇಳುತ್ತಲೇ ಇರಲಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಇದರ ಉಪಯೋಗ ಇನ್ನೊಂದು ರೀತಿಯಲ್ಲಿ ಗೊತ್ತಾಯಿತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಿಂದ ಅಲೆಯ ಎತ್ತರದ ಮುನ್ಸೂಚನೆ ಬರುತ್ತಲೇ ಇರುತ್ತೆ. ಅದನ್ನು ನಾನು ಮೀಟರ್‌ನಿಂದ ಮಾರಿಗೆ ಬದಲಿಸಿ, ಯಾವ ಹೊತ್ತಿಗೆ, ಯಾವ ಕಡೆಯಿಂದ ಅಂತ ಒಂದು ನಿಮಿಷದ ಧ್ವನಿ ಸಂದೇಶ ಮಾಡಿ ಕಳಿಸಿದೆ. ನಾಲ್ಕು ಸಾಲಿಗಿಂತ ಜಾಸ್ತಿ ಇಲ್ಲ. ಅಕ್ಕನ ಮಗ ಅದನ್ನು ಕೊಂಕಣಿಯಲ್ಲಿ ಮತ್ತೆ ಹೇಳಿ ಬೇರೆ ಗುಂಪುಗಳಿಗೆ ಕಳಿಸಿದ. ದಡದಲ್ಲಿದ್ದ ದೋಣಿಗಳನ್ನು ಜನ ಆ ಸಂಜೆಯೇ ಮೇಲಕ್ಕೆ ಎಳೆದರು.

ಅಪ್ಪನಿಗೆ ಈಗ 78. ಫೋನಿನಲ್ಲಿ ಈಗಲೂ ಕೇಳೋದು ಮಳೆ ವಿಷಯವೇ. ನಮ್ಮೂರ ಹಳ್ಳದ ನೀರು ವೇದಾವತಿ ಸೇರಿ, ತುಂಗಭದ್ರೆ, ಕೃಷ್ಣೆ ಅಂತ ಹೋಗಿ ಬಂಗಾಳ ಕೊಲ್ಲಿಗೆ ಬೀಳುತ್ತೆ. ಮುಂಗಾರು ಮಾತ್ರ ಈ ಕಡೆಯ ಕಡಲಿನಿಂದ ಬರುತ್ತೆ. ಇದನ್ನು ಹೇಳಿದಾಗ ಅವರು, "ಅಂದ್ರೆ ಅಲ್ಲಿಂದ ತಗಂಡು ಇಲ್ಲಿ ಕೊಡ್ತೀವಿ ಅನ್ನು" ಅಂದರು. ಕಡಲಿನಲ್ಲಿ ತಾನಾಗಿಯೇ 2000 ಮೀಟರ್ ಮುಳುಗಿ, 10 ದಿನಕ್ಕೊಮ್ಮೆ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಕಳಿಸುವ ಆರ್ಗೋ ಯಂತ್ರಗಳ ಬಗ್ಗೆ ಹೇಳಿದೆ. ಜಗತ್ತಿನ ಕಡಲುಗಳಲ್ಲಿ ಅಂಥವು ಸುಮಾರು 4000 ಇವೆ. "6500 ಅಡಿ!" ಅಂತ ಅವರೇ ಲೆಕ್ಕ ಹಾಕಿದರು. ಮೀಟರ್‌ನಿಂದ ಅಡಿಗೆ ಈಗ ಅವರೇ ಬದಲಿಸಿಕೊಳ್ಳುತ್ತಾರೆ.

ಈಗ ಆರು ಬೋಟುಗಳಲ್ಲಿ ಒಂದೊಂದು ಥರ್ಮಾಮೀಟರ್ ಮತ್ತು ಒಂದೊಂದು ನೋಟ್‌ಬುಕ್ ಇದೆ. ದಿನಾಂಕ, ಎಷ್ಟು ಮಾರು, ತಳದ ನೀರಿನ ಶಾಖ, ವಾಸನೆ ಇದೆಯಾ ಇಲ್ವಾ, ಬಲೆಗೆ ಏನು ಬಂತು. ಬರೆಯೋದು ಹೆಚ್ಚಾಗಿ ಬೋಟಿನ ಹುಡುಗರು. ಕೆಲವು ಪುಟಕ್ಕೆ ಡೀಸೆಲ್ ಮೆತ್ತಿರುತ್ತೆ, ಕೆಲವು ದಿನ ಖಾಲಿ ಇರುತ್ತೆ. ನಕ್ಷೆಯ ಆ ಬಿಳಿ ಪಟ್ಟಿ ನಿಧಾನಕ್ಕೆ ತುಂಬುತ್ತಿದೆ. ನಿನ್ನೆ ರಾತ್ರಿ ತಾಂಡೇಲರು ತಮ್ಮ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದ್ದಾರೆ. "13 ಮಾರು. ತಳದ ನೀರು ಎದ್ದದೆ. ತಣ್ಣಗೆ. ವಾಸನೆ ಇಲ್ಲ ಇನ್ನೂ."

ನಾಳೆ ಬೆಳಿಗ್ಗೆ 4ಕ್ಕೆ ಬೋಟು ಹೊರಡುತ್ತೆ. ಮಗಳು ಈ ಸಲ ತಾನೂ ಬರುತ್ತೇನೆ ಅಂದಿದ್ದಾಳೆ. ಗಾಜಿನ ಬಾಟಲಿಗಳನ್ನು ತೊಳೆದು ಒಣಗಲು ಇಟ್ಟಿದ್ದೇವೆ.